ತೆರೆಯದ ಕ್ಯಾಲೆಂಡರ್

ಮೂರು ದಿನದಿಂದ ಜಲಜಾಕ್ಷಿಯ ಕಂಪ್ಯೂಟರಿನಲ್ಲಿ ಕಚೇರಿಯವರೆಲ್ಲ ನೋಡುವ ಕ್ಯಾಲೆಂಡರ್ ತೆರೆಯುತ್ತಿರಲಿಲ್ಲ. ದುರಸ್ತಿಗೆ ಬಂದ ತಿಪ್ಪೇಶ ಅವಳ ಮೇಲ್ ಖಾತೆಯನ್ನು ತೆಗೆದು ಮತ್ತೆ ಸೇರಿಸಿದ, ಪಾಸ್‌ವರ್ಡ್ ಬದಲಿಸಿದ.

“ಸರ್ವರ್ ತೊಂದ್ರೆ ಮೇಡಂ, ತಾನಾಗೇ ಸರಿಹೋಗುತ್ತೆ” ಎಂದ.

ನಾಲ್ಕನೆಯ ದಿನ ಅದು ತೆರೆದುಕೊಂಡಿತು. ಹಿಂದಿನ ದಿನ ಹನ್ನೊಂದಕ್ಕೆ ಹೆಡ್ಡಾಫೀಸಿನಲ್ಲಿ ಬಡ್ತಿಯ ಸಂದರ್ಶನ. ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ಹದಿನಾಲ್ಕು ವರ್ಷದಿಂದ ಕಾದಿದ್ದ ಬಡ್ತಿ. ಮ್ಯಾನೇಜರ್ ಕೋಣೆಗೆ ಓಡಿದಳು.

“ಸರ್, ನನಗೆ ಗೊತ್ತೇ ಆಗ್ಲಿಲ್ಲ!”

“ಛೇ, ಎಂಥ ಕೆಲ್ಸ ಆಯ್ತಮ್ಮ! ಅರ್ಧ ಗಂಟೆ ನಿಮಗೋಸ್ಕರ ಕಾದ್ರಂತೆ. ನಿನ್ನೆ ನಾನೂ ಊರಲ್ಲಿರ್ಲಿಲ್ಲ.”

ತಾವೇ ನೀರು ಕೊಟ್ಟು ಸಮಾಧಾನ ಮಾಡಿದರು. ಅವಳು ಕಣ್ಣೊರೆಸಿಕೊಳ್ಳುತ್ತ ಹೊರಗೆ ಹೋದ ಮೇಲೆ ಫೋನ್ ಎತ್ತಿಕೊಂಡರು.

“ಥ್ಯಾಂಕ್ಸ್ ತಿಪ್ಪೇಶ. ಆಯಮ್ಮ ಹೋಗಿಬಿಟ್ಟಿದ್ರೆ ನನ್ನ ಕೆಲ್ಸ ಎಲ್ಲ ಯಾರು ಮಾಡ್ತಿದ್ರು?”