ನವೆಂಬರ್ ಮೂವತ್ತೊಂದು

ತನ್ನ ರಕ್ತಪರೀಕ್ಷೆಯ ವರದಿ ನೋಡಲು ಕ್ಲಿನಿಕ್‌ನ ವೆಬ್‌ಸೈಟಿಗೆ ಹೋದ ಅಪೇಕ್ಷಾಳ ಮುಂದೆ ಯಾರೋ ಗರ್ಭಿಣಿಯ ವರದಿ ತೆರೆದುಕೊಂಡಿತು. ವರದಿ ಸಂಖ್ಯೆಯ ಕೊನೆಯ ಅಂಕಿಯನ್ನು ತಪ್ಪಾಗಿ ಒತ್ತಿದ್ದಳು, ಅಷ್ಟೇ. ಹೆಸರು, ವಯಸ್ಸು, ಮಂಗಫ್ ಬಡಾವಣೆಯ ಫ್ಲ್ಯಾಟ್ ನಂಬರ್, ಎಲ್ಲವೂ ಅಲ್ಲಿತ್ತು. ತಟ್ಟನೆ ಪುಟ ಮುಚ್ಚಿದಳು.

ಕ್ಲಿನಿಕ್‌ಗೆ ಫೋನ್ ಮಾಡಿದರೆ, ಅಪಾಯಿಂಟ್‌ಮೆಂಟ್ ಯಾವ ದಿನಕ್ಕೆ ಬೇಕೆಂದು ಎರಡು ಸಲ ಕೇಳಿ ಫೋನ್ ಇಟ್ಟರು. ಇಂಥ ದೋಷ ಕಂಡವರು ಯಾರಿಗೆ ತಿಳಿಸಬೇಕೆಂದು ವೆಬ್‌ಸೈಟುಗಳು ಒಂದು ಪುಟ್ಟ ಕಡತದಲ್ಲಿ ಬರೆದಿಡುವುದುಂಟು. ವೆಬ್‌ಸೈಟುಗಳ ದೋಷ ಹುಡುಕಿ ತಿಳಿಸುವುದೇ ಗಲ್ಫಿನ ಶರ್ಕ್‌ನಲ್ಲಿದ್ದ ಅವಳ ಆಫೀಸಿನ ಕೆಲಸ; ಅಲ್ಲಿ ಆ ಕಡತಗಳನ್ನು ಓದುವ ಪ್ರೋಗ್ರಾಂ ಬರೆದವಳು ಅಪೇಕ್ಷಾಳೇ. ಅದಕ್ಕೆ ಕ್ಲಿನಿಕ್‌ನ ಹೆಸರು ಕೊಟ್ಟಳು. 'ಸಂಪರ್ಕ ಇಲ್ಲ' ಎಂದಿತು.

ನಂಬಿಕೆಯಾಗದೆ ಕಡತವನ್ನೇ ತೆರೆದಳು. ಸಂಪರ್ಕ ಇತ್ತು: ಲೊರೈನ್ ಕ್ರಾಸ್ತಾ, ಒಂದು ಮೊಬೈಲ್ ನಂಬರ್. ಕೆಳಗೆ, ಇದು ಎಲ್ಲಿಯವರೆಗೆ ಚಾಲ್ತಿ ಎಂಬಲ್ಲಿ 'ನವೆಂಬರ್ 31' ಎಂದಿತ್ತು.

"ಇಲ್ಲದ ದಿನ!" ಹಿಂದಿನಿಂದ ಇಣುಕಿದ ಅವಳ ಮೇಲಧಿಕಾರಿ ಯಶೋಧರ ನಕ್ಕರು. "ತಾರೀಕು ತಪ್ಪಿದ್ರೆ ಇಡೀ ಕಡತ ಬಿಸಾಡುವ ಹಾಗೆ ಬರೆದದ್ದು ನೀನೇ ಅಲ್ವಾ? ಸರಿಯಾಗೇ ಉಂಟು. ರೂಲ್ ಅಂದ್ರೆ ರೂಲ್. ಖಲಾಸ್."

ಅಪೇಕ್ಷಾ ಆ ನಂಬರ್ ಒತ್ತಿದಳು. ಮೊದಲ ರಿಂಗಿಗೇ ಹೆಂಗಸೊಬ್ಬರು ಎತ್ತಿದರು. ಹೆಸರು ನೋಡಿ ತನ್ನ ಊರಿನ ಕಡೆಯವರೇ ಇರಬೇಕೆಂದು ಅವಳು ವರದಿಯ ವಿಷಯವನ್ನೂ ತಾರೀಕಿನ ತಪ್ಪನ್ನೂ ಕನ್ನಡದಲ್ಲೇ ಹೇಳಿದಳು. ಲೊರೈನ್ ಯಾರಿಗೋ ಕೊಂಕಣಿಯಲ್ಲಿ ಅವಸರದಿಂದ ಕೂಗಿ ಹೇಳುವುದು ಕೇಳಿಸಿತು. ಹತ್ತು ನಿಮಿಷದಲ್ಲಿ ಆ ಪುಟ ಬಂದ್ ಆಯಿತು.

"ಆ ತಾರೀಕು ಹಾಕಿದ್ದು ನಾನೇ," ಎಂದರು ಲೊರೈನ್. "ತಿಂಗಳ ಕೊನೆ ಅಂತ ಮೂವತ್ತೊಂದು ಬರೆದುಬಿಟ್ಟೆ. ನಾನು ನರ್ಸ್ ಮಾರಾಯ್ರೆ, ಕಂಪ್ಯೂಟರಿನವರು ಕೆಲಸ ಬಿಟ್ಟ ಮೇಲೆ ಇದೂ ನನ್ನ ತಲೆಗೆ ಬಂತು. ಆದ್ರೆ ಏಳೆಂಟು ತಿಂಗಳಿಂದ ಈ ಫೋನನ್ನು ಕೈಯಿಂದ ಬಿಟ್ಟದ್ದಿಲ್ಲ. ಇಗರ್ಜಿಗೆ ಹೋಗುವಾಗ್ಲೂ ಬ್ಯಾಗಲ್ಲಿ ಉಂಟು. ಯಾರೂ ಮಾಡ್ಲಿಲ್ಲ. ಎಲ್ಲ ಸರಿ ಉಂಟು ಅಂದ್ಕೊಂಡೆ."

ಫೋನ್ ಇಟ್ಟ ಅಪೇಕ್ಷಾ ತನ್ನ ಪ್ರೋಗ್ರಾಂ ತೆರೆದಳು. ಅದರ ಆರು ಸಾಲು ತಿದ್ದಿದಳು: ತಾರೀಕು ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದು ಗುರುತು ಹಾಕು, ಉಳಿದದ್ದನ್ನು ಓದು. ತಿಳಿಸಲು ಯಾರೂ ಸಿಗಲಿಲ್ಲವೆಂದು ಆಫೀಸು ಒಂದು ವರ್ಷದಿಂದ ಕೈಬಿಟ್ಟಿದ್ದ ದೋಷಗಳನ್ನೆಲ್ಲ ಅದರ ಮುಂದಿಟ್ಟಳು. ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಇಳಿಯತೊಡಗಿದವು.

"ಎಷ್ಟುಂಟು?" ಯಶೋಧರ ಈಗ ನಗುತ್ತಿರಲಿಲ್ಲ.

"ನಲವತ್ತೊಂದು, ಸರ್."

ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. "ಮೊದಲಿನ ಇಪ್ಪತ್ತು ನನಗೆ ಕೊಡು," ಎಂದು ಪಟ್ಟಿಯ ಮೊದಲ ನಂಬರ್ ಒತ್ತಿ ಸ್ಪೀಕರ್ ಹಾಕಿದರು. ನಂಬರ್ ಈಗ ಬಳಕೆಯಲ್ಲಿಲ್ಲವೆಂದು ರೆಕಾರ್ಡ್ ಮಾಡಿದ ದನಿಯೊಂದು ಮೊದಲು ಅರಬ್ಬಿಯಲ್ಲಿ, ನಂತರ ಇಂಗ್ಲಿಷಿನಲ್ಲಿ ಹೇಳಿತು. ಯಶೋಧರ ಎರಡನೆಯ ನಂಬರ್ ಒತ್ತಿದರು.