ಲಾಡ್ಜಿನ ವೈಫೈ ಮತ್ತು ಹತ್ತನೇ ರೂಮಿನ ಹೆಂಗಸು

ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಹನ್ನೆರಡು ರೂಮಿನ ಸಣ್ಣ ಲಾಡ್ಜ್ ಇದೆ... ನಡೆಸುವವರು ಪ್ರಭಾವತಿ ಅಕ್ಕ.

ಅಲ್ಲಿಗೆ ಬರುವವರು ಹೆಚ್ಚಾಗಿ ಪೇಷಂಟುಗಳ ಕಡೆಯವರೇ. ಕೀ ತಗೊಳ್ಳುವಾಗ ಎಲ್ಲರದೂ ಒಂದೇ ಪ್ರಶ್ನೆ...

"ವೈಫೈ ಐತೇನ್ರೀ?"

ಇತ್ತು... ಹೆಸರಿಗೆ ಮಾತ್ರ! ಹಳೇ ಕಾಲದ ದಪ್ಪ ಗೋಡೆ, ಮೊಬೈಲ್ ಸಿಗ್ನಲ್ಲೂ ಒಳಗೆ ಬರ್ತಿರಲಿಲ್ಲ. ದಿನಾ ಕಂಪ್ಲೇಂಟ್.

ಕೊನೆಗೆ ಅಕ್ಕ, ಟೆಲಿಫೋನ್ ಕೆಲಸದಿಂದ ರಿಟೈರ್ ಆಗಿದ್ದ ನದಾಫ್ ಅವರನ್ನು ಕರೆಸಿದರು.

ನದಾಫ್ ಬಂದವರೇ ಕೌಂಟರ್ ಹಿಂದಿನ ಗೋಡೆ ನೋಡಿ ನಕ್ಕುಬಿಟ್ಟರು. ಅಲ್ಲಿ ವೈಫೈ ಪಾಸ್‌ವರ್ಡನ್ನು ದೊಡ್ಡ ಅಕ್ಷರದಲ್ಲಿ ಪೇಂಟ್ ಮಾಡಿಸಿದ್ದರು... ಒಂದರಿಂದ ಎಂಟರವರೆಗಿನ ಅಂಕಿ!

"ಯಕ್ಕಾರ, ಇವತ್ತ ಲಾಡ್ಜಿನ್ಯಾಗ ಎಷ್ಟ ಮಂದಿ ಅದಾರ?"

"ಹದಿನಾಲ್ಕ ಮಂದಿ."

ಅವರು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. "ನಿಮ್ಮ ವೈಫೈಗೆ ಅರವತ್ತೊಂದು ಫೋನ್ ಕೂತಾವ್ರೀ! ಪಕ್ಕದ ಚಹಾದಂಗಡಿ, ಹಿಂದಿನ ಟ್ಯೂಷನ್ ಕ್ಲಾಸು... ಎಲ್ಲಾರೂ. ಗಿರಾಕಿಗಳ ಆಧಾರ್ ಕಾಪಿ ಇಟ್ಟಿರೋ ನಿಮ್ಮ ಕಂಪ್ಯೂಟರೂ ಇದರಾಗ ಐತಿ. ಯಾರರ ಮನಸ್ಸು ಮಾಡಿದ್ರ ಒಳಗ ಕೈ ಹಾಕಬಹುದು."

"ಹಂಗಾರ ಈಗ ಏನ್ ಮಾಡೂದ್ರೀ?" ಅಂದರು ಅಕ್ಕ.

"ಆಫೀಸಿಗೆ ಒಂದು ವೈಫೈ, ಗಿರಾಕಿಗಳಿಗೆ ಬ್ಯಾರೆ. ಪ್ರತಿ ಅಂತಸ್ತಿಗೂ ಕೇಬಲ್ ಎಳೆದು ಒಂದೊಂದು ಬಾಕ್ಸ್. ಕರೆಂಟ್ ಹೋದ್ರೂ ನಿಲ್ಲಬಾರದು, ಒಂದು ಯುಪಿಎಸ್... ಆದ್ರ ಸಂಜಿ ತನಕ ನೆಟ್ ಬಂದ್ ಇಡಬೇಕಾಗತೈತ್ರೀ."

"ಇಡ್ರಿ, ಏನ್ ಆಗೂದಿಲ್ಲ" ಅಂದರು ಅಕ್ಕ.

ಬೆಳಿಗ್ಗೆ ಹತ್ತೂವರೆಗೆ ನೆಟ್ ಆಫ್ ಆಯಿತು.

ಎರಡೇ ನಿಮಿಷ... ಮೆಟ್ಟಿಲಿನಿಂದ ಒಬ್ಬ ಹೆಂಗಸು ಓಡಿ ಬಂದರು. ಹತ್ತನೇ ರೂಮಿನ ಕಸ್ತೂರಿ.

ಈಕೆ ಮೂರು ದಿನದಿಂದ ಮೆಟ್ಟಿಲ ಮೇಲೇ ಕೂತು ಫೋನ್ ನೋಡ್ತಿದ್ದರು. "ಮಂದಿ ಓಡಾಡೂ ದಾರಿ, ರೂಮಿನ್ಯಾಗ ಕೂಡ್ರಿ" ಅಂತ ಅಕ್ಕ ಎರಡು ಸಲ ಗದರಿದ್ದರು. ಆಕೆ ಉತ್ತರ ಕೊಡದೆ ಸುಮ್ಮನೆ ನಕ್ಕು ಎದ್ದು ಹೋಗುತ್ತಿದ್ದರು... ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲೇ!

ಎಷ್ಟು ಸೊಕ್ಕು ಈಕೆಗೆ ಅಂತ ಅಕ್ಕನಿಗೆ ಒಳಗೇ ಸಿಟ್ಟಿತ್ತು.

ಈಗ ಆಕೆ ಫೋನ್ ಮುಂದೆ ಹಿಡಿದು, ಇನ್ನೊಂದು ಕೈಯಲ್ಲಿ ಏನೇನೋ ಸನ್ನೆ ಮಾಡುತ್ತಿದ್ದರು.

"ಒಂದು ದಿನ ವಿಡಿಯೋ ನೋಡಲಿಲ್ಲಂದ್ರ ಏನ್ ಆಗತೈತ್ರೀ?" ಅಕ್ಕನ ದನಿ ಜೋರಾಯಿತು.

ಆಕೆ ಕೌಂಟರ್ ಮೇಲಿದ್ದ ಪೆನ್ನು ಎಳೆದುಕೊಂಡು, ಒಂದು ಚೀಟಿಯ ಮೇಲೆ ಬರೆದರು...

"ನನಗೆ ಕಿವಿ ಕೇಳಲ್ಲ. ಮಾತು ಬರಲ್ಲ. ಗಂಡನಿಗೆ ಈಗ ಹಾರ್ಟ್ ಆಪರೇಷನ್ ನಡೀತಿದೆ. ಡಾಕ್ಟರ್ ಮಗಳಿಗೆ ಫೋನ್ ಮಾಡ್ತಾರೆ. ಮಗಳು ವಿಡಿಯೋದಲ್ಲಿ ನನಗೆ ಕೈಸನ್ನೆಯಲ್ಲಿ ಹೇಳಬೇಕು. ನನ್ನ ಫೋನಿಗೆ ನೆಟ್ ಪ್ಯಾಕ್ ಇಲ್ಲ, ಆಸ್ಪತ್ರೆಯಲ್ಲೂ ವೈಫೈ ಸಿಗಲ್ಲ. ನಿಮ್ಮ ಮೆಟ್ಟಿಲ ಮೇಲೆ ಮಾತ್ರ ನೆಟ್ ಬರುತ್ತೆ."

ಅಕ್ಕ ಓದಿದರು... ಇನ್ನೊಮ್ಮೆ ಓದಿದರು.

ರೂಮು ಮಾಡುವಾಗ ಮಾತಾಡಿದ್ದೆಲ್ಲ ಗಂಡ. ಮರುದಿನವೇ ಅವರು ಆಸ್ಪತ್ರೆಗೆ ಸೇರಿದ್ದರು. ಈಕೆ ಯಾಕೆ ಮಾತಾಡಲ್ಲ ಅಂತ ಅಕ್ಕ ಒಂದು ಸಲವೂ ಯೋಚಿಸಿರಲಿಲ್ಲ.

"ನದಾಫ್ ಸರ್..." ಅಂದರು. ಚೀಟಿಯನ್ನು ಅವರ ಕೈಗಿಟ್ಟರು.

ಚೀಟಿ ನೋಡಿದ ನದಾಫ್ ಡ್ರಿಲ್ಲಿಂಗ್ ಮಷಿನ್ ಕೆಳಗಿಟ್ಟರು. ಹಳೇ ರೂಟರನ್ನೇ ಮತ್ತೆ ಆನ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಕಸ್ತೂರಿಯವರ ಫೋನಿಗೆ ಮಾತ್ರ ಹಾಕಿಕೊಟ್ಟರು.

ಅರವತ್ತೊಂದು ಫೋನಿಗೆ ಹಂಚಿಹೋಗುತ್ತಿದ್ದ ನೆಟ್ಟು... ಈಗ ಆ ಒಬ್ಬ ತಾಯಿಗೆ!

ಅಕ್ಕ ತಮ್ಮ ಕುರ್ಚಿಯಲ್ಲೇ ಆಕೆಯನ್ನು ಕೂರಿಸಿದರು. ಹನ್ನೊಂದಾಯಿತು... ಹನ್ನೆರಡಾಯಿತು... ಮೂವರೂ ಆ ಫೋನನ್ನೇ ನೋಡುತ್ತಾ ಕೂತರು.

ಹನ್ನೆರಡೂಕಾಲಿಗೆ ಕಾಲ್ ಬಂತು. ಪರದೆಯ ಮೇಲೆ ತಲೆಗೆ ಸ್ಕಾರ್ಫ್ ಕಟ್ಟಿದ್ದ ಬಾಣಂತಿ ಮಗಳು, ವಿದ್ಯಾ. ಹೆರಿಗೆಯಾಗಿ ಹದಿನೈದೇ ದಿನ... ಅದಕ್ಕೇ ಅಪ್ಪನ ಜೊತೆ ಬರಲು ಆಗಿರಲಿಲ್ಲ.

ಅವಳ ಕೈಗಳು ಸರಸರನೆ ಆಡಿದವು. ಚಿತ್ರ ಒಂದು ಸಲವೂ ನಿಲ್ಲಲಿಲ್ಲ, ಒಡೆಯಲಿಲ್ಲ.

ಕಸ್ತೂರಿಯವರು ನೋಡುತ್ತಿದ್ದರು... ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಅಕ್ಕ ಪರದೆಯ ಮೇಲಿನ ಮಗಳನ್ನೇ ಕೇಳಿದರು. "ಯವ್ವಾ, ಏನಾತು?"

ವಿದ್ಯಾ ಅಳುತ್ತಲೇ ನಕ್ಕಳು. "ಅಪ್ಪ ಹುಷಾರದಾರ್ರೀ... ಆಪರೇಷನ್ ಚೊಲೋ ಆಗೇತಂತ!"

ನದಾಫ್ ಕನ್ನಡಕ ತೆಗೆದು ಒರೆಸಿಕೊಂಡರು.

ಅಕ್ಕ ಫೋನಿಗೆ ಬಗ್ಗಿ ಮೆಲ್ಲಗೆ ಕೇಳಿದರು. "ತಂಗಿ, ತಪ್ಪಾತು ಅಂತ ನಿಮ್ಮವ್ವಗ ಹೆಂಗ ಹೇಳೂದು? ನಂಗ ಕಲಿಸವಾ."

ವಿದ್ಯಾ ಮಾಡಿ ತೋರಿಸಿದಳು. ಅಕ್ಕ ಅದನ್ನೇ ಸೊಟ್ಟಸೊಟ್ಟಗೆ ಮಾಡಿದರು...

ಕಸ್ತೂರಿಯವರು ಆ ಎರಡು ಕೈಗಳನ್ನೂ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು.

ಕೆಲಸ ಮುಗಿಸಿ ಹೊರಡುವಾಗ ನದಾಫ್ ಹೇಳಿದರು, "ಮೂವತ್ತೆರಡು ವರ್ಷ ಲೈನ್ ಎಳೆದೀನ್ರೀ ಯಕ್ಕಾರ. ಆ ತುದಿಗೆ ಯಾರ ಇರ್ತಾರಂತ ಇವತ್ತ ಕಣ್ಣಾರೆ ನೋಡಿದೆ. ನನ್ನ ಕರೆದಿದ್ದು ನಿಮ್ಮ ದೊಡ್ಡ ಉಪಕಾರ."

ಅವತ್ತು ಸಂಜೆಯಿಂದ ಹತ್ತನೇ ರೂಮಿನ ಮೂಲೆಯಲ್ಲೂ ಫುಲ್ ಸಿಗ್ನಲ್!

ಹತ್ತು ದಿನದ ಮೇಲೆ ಗಂಡ ಹೆಂಡತಿ ಊರಿಗೆ ಹೊರಟರು. ಕಸ್ತೂರಿಯವರು ಅಕ್ಕನ ಮುಂದೆ ನಿಂತು ಕೈಸನ್ನೆಯಲ್ಲಿ ಏನೋ ಹೇಳಿದರು.

ಗಂಡ ಅದನ್ನು ಬಾಯಲ್ಲಿ ಹೇಳಿದರು...

"ಈ ಊರಾಗ ನನ್ನ ಭಾಷಾದಾಗ ನನ್ನ ಕೂಡ ಮಾತಾಡಿದವ್ರು ನೀವೊಬ್ರೇ ಅನ್ನಾಕತ್ತಾಳ್ರೀ..."

✨ ಇನ್ನೊಬ್ಬರ ಮೌನವನ್ನು ಸೊಕ್ಕು ಅಂದುಕೊಳ್ಳುವ ಮುಂಚೆ, ಹತ್ತಿರ ಹೋಗಿ ಒಮ್ಮೆ ಕೇಳೋಣ.

ನಿಮ್ಮ ಸುತ್ತ ಸುಮ್ಮನೆ ಕೂತಿರುವ ಒಬ್ಬರನ್ನು, "ಏನಾದರೂ ಬೇಕಿತ್ತಾ?" ಅಂತ ನೀವು ಕೊನೆಯ ಸಲ ಕೇಳಿದ್ದು ಯಾವಾಗ...?