ಫ್ಲೆಕ್ಸಿನ ಮೇಲಿನ ದೊಡ್ಡಮಾದಯ್ಯ

ಫ್ಲೆಕ್ಸ್ ನೋಡಿ ಮೊದಲು ನಕ್ಕವಳು ಕೇತಮ್ಮ. ಹನೂರಿನ ಸಮುದಾಯ ಭವನದ ಬಾಗಿಲ ಮೇಲೆ, ಹನ್ನೆರಡಡಿ ಅಗಲದ ಹಾಳೆಯಲ್ಲಿ, ಅವಳ ಗಂಡನ ಹೆಸರಿನ ಮೇಲೆ ಇನ್ಯಾರೋ ನಿಂತಿದ್ದ. ಕಪ್ಪು ಬಿಳುಪಿನ ಹಳೇ ಫೋಟೋ. ತಲೆಗೆ ಮಣಿ ಪೋಣಿಸಿದ ಗಡಸು ಟೋಪಿ, ಅದರ ತುದಿಗೊಂದು ಉದ್ದನೆಯ ಗರಿ, ಕೈತುಂಬ ಲೋಹದ ಬಳೆ, ಕೊರಳಲ್ಲಿ ಏಳೆಂಟು ಸುತ್ತು ಸರ. ಕೆಳಗೆ ದಪ್ಪಕ್ಷರ: ‘ಕಾಡಿನ ಹಕ್ಕಿನ ಹೋರಾಟಗಾರ, ಸೋಲಿಗರ ಹಿರಿಯ ಶ್ರೀ ದೊಡ್ಡಮಾದಯ್ಯನವರಿಗೆ ಸನ್ಮಾನ.’

“ನಲವತ್ತೈದು ವರ್ಷ ಒಂದೇ ಚಾಪೇಲಿ ಮಲಗಿವ್ನಿ. ಇಷ್ಟೊಂದು ಸರ ಯಾವ ಮರದ ಪೊಟರೇಲಿ ಬಚ್ಚಿಟ್ಟಿದ್ದೆ? ನಂಗೊಂದೆಳೆ ಕೊಡ್ಬಾರ್ದಾಗಿತ್ತಾ?” ಎಂದಳು ಗಂಡನಿಗೆ.

ದೊಡ್ಡಮಾದಯ್ಯ ನಗಲಿಲ್ಲ. ಈ ಫ್ಲೆಕ್ಸಿಗೆಂದೇ ಹೋದ ವಾರ ಕೊಳ್ಳೇಗಾಲಕ್ಕೆ ಹೋಗಿ ದಿನೇಶನ ಸ್ಟುಡಿಯೋದಲ್ಲಿ ಕೂತು ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಶರಟು, ಕಣ್ಣಿನ ಆಪರೇಷನ್ ಆದಮೇಲೆ ಕೊಟ್ಟ ಕನ್ನಡಕ, ಜೇಬಿನಲ್ಲಿ ಪೆನ್ನು. ಹದಿನೇಳು ವರ್ಷ ಅರ್ಜಿ ಬರೆದೂ ಬರೆದೂ ಸೋಲಿಗರು ವಾಸಿಸುವ ಮೂರು ಪೋಡುಗಳಿಗೆ ಹಕ್ಕುಪತ್ರ ತರಿಸಿದ ಪೆನ್ನು ಅದು. ಆ ಹದಿನೇಳು ವರ್ಷವೂ ಕಚೇರಿಯವರು ‘ನೀನೇ ದೊಡ್ಡಮಾದಯ್ಯ ಅನ್ನೋದಕ್ಕೆ ಸಾಕ್ಷಿ ಏನಯ್ಯ?’ ಎಂದೇ ಮಾತು ಶುರುಮಾಡುತ್ತಿದ್ದರು. ಬಸ್ಸಿನಲ್ಲಿ ಹೋಗುವವರಿಗೂ ಕಾಣುವಂಥ ಸಾಕ್ಷಿ ಇವತ್ತು ತೂಗುತ್ತದೆ ಎಂದುಕೊಂಡೇ ಅವನು ಹೆಂಡತಿಯನ್ನೂ ಕರೆದುಕೊಂಡು ಬೆಟ್ಟ ಇಳಿದಿದ್ದ.

“ಯಾರಪ್ಪ ದಿನೇಶ, ಈ ಯಜಮಾನ್ರು?”

ಏಣಿಯ ಮೇಲೆ ಹಗ್ಗ ಬಿಗಿಯುತ್ತಿದ್ದ ದಿನೇಶ್ ಇಳಿದು ಬಂದ. “ಬೇಜಾರ್ ಮಾಡ್ಕಬೇಡಿ ಸಾ. ಮೊದ್ಲು ನಿಮ್ಮ ಫೋಟೋನೇ ಹಾಕಿದ್ದೆ. ಸನ್ಮಾನ ಮಾಡೋ ಸಂಘದ ಶಿವಮಲ್ಲಪ್ಪನೋರು ನೋಡ್ಬುಟ್ಟು, ‘ಇದೇನ್ಲಾ, ರಿಟೈರಾದ ಮೇಷ್ಟ್ರು ಇದ್ದಂಗವ್ರೆ, ಕಾಡೋರ ಕಳೆನೇ ಇಲ್ಲ, ಬೇರೆ ಹಾಕು’ ಅಂದ್ರು. ನೆಟ್ನಲ್ಲಿ ಬುಡಕಟ್ಟು ಹಿರಿಯರು ಅಂತ ಹುಡುಕ್ದೆ. ಇವ್ರು ಚೆಂದಾಗಿ ಬಂದ್ರು. ನಿಮ್ಮಜ್ಜ ಹಿಂಗೇ ಇದ್ದಿರಬೌದು ಅಲ್ವ ಸಾ?”

“ನಮ್ಮಜ್ಜ ಇಂಗಿದ್ದಿದ್ರೆ ಜೇನಿಗೆ ಮರ ಅತ್ತೋವಾಗ ಆ ಗರಿ ಕೊಂಬೆಗೆ ಸಿಕ್ಕಾಕಂಡು ಅಲ್ಲೇ ನೇತಾಡ್ತಿದ್ದ.”

“ಲೇ ದಿನೇಶ, ನಿಮ್ಮಪ್ಪ ಮಗ್ಗದೋರು. ನಾಳೆ ಅವ್ರಿಗೆ ಸನ್ಮಾನ ಆದ್ರೆ ರೇಷ್ಮೆ ಉಳದ ಫೋಟೋ ಆಕೀಯ?” ಎಂದಳು ಕೇತಮ್ಮ.

ದಿನೇಶ್ ಮುಖ ಕೆಂಪಗೆ ಮಾಡಿಕೊಂಡು ಮೊಬೈಲ್ ತೆಗೆದ. ಹುಡುಕಿ, ಒಂದೊಂದೇ ಪದ ಬಿಡಿಸಿ ಓದಿದ. “ಡಿಡಿಂಗ ಅಂತ ಒಂದು ಜನ ಸಾ. ಸುಡಾನ್ ಕಡೇರು.”

“ಅದೆಲ್ಲದೆ? ಗೋಪಿನಾಥಂನಿಂದ ಆಚ್ಗಾ?” ಕೇತಮ್ಮ ಕೇಳಿದಳು.

“ಸಮುದ್ರದಿಂದಾಚೆ ಕಣವ್ವ, ಆಫ್ರಿಕಾ. ತೊಂಬತ್ತು ವರ್ಷದ ಹಿಂದೆ ಆ ಸೀಮೆ ಆಳ್ತಿದ್ದ ಇಂಗ್ಲಿಷ್ ದೊರೆ ತೆಗ್ದಿದ್ದು. ದೊರೆ ಹೆಸ್ರದೆ, ಅವನ ಹುದ್ದೆ ಅದೆ, ಕ್ಯಾಮೆರಾ ಯಾವ್ದು ಅಂತ್ಲೂ ಅದೆ. ಟೋಪಿ ಏತರದ್ದು, ಬಳೆ ಏತರದ್ದು, ಎಲ್ಲ ಬರ್ದವ್ರೆ.”

“ಈ ಯಜಮಾನ್ರ ಎಸ್ರು?”

ದಿನೇಶ್ ಬೆರಳಿನಿಂದ ಮೇಲೆ ಕೆಳಗೆ ಸರಿಸಿದ. ಮತ್ತೆ ಸರಿಸಿದ. “ಹೆಸರು ದಾಖಲಾಗಿಲ್ಲ ಅಂತವ್ರೆ ಸಾ.”

ದೊಡ್ಡಮಾದಯ್ಯ ಕನ್ನಡಕ ಒರೆಸಿ ಹಾಕಿಕೊಂಡ. ಇಷ್ಟು ಹೊತ್ತು ಗರಿ, ಸರ ನೋಡಿದ್ದ. ಈಗ ಮುಖ ನೋಡಿದ. ಬಿಸಿಲಿಗೆ ಕಿರಿದಾದ ಕಣ್ಣು, ಬಿಗಿದ ತುಟಿ. ಬೇಗ ಮುಗಿಸಯ್ಯ, ನನಗೆ ಬೇರೆ ಕೆಲಸವಿದೆ ಎಂಬ ನಿಲುವು. ಕಚೇರಿಯ ಕಿಟಕಿಯ ಮುಂದೆ ತಾನೂ ಹೀಗೇ ನಿಲ್ಲುತ್ತಿದ್ದೆನಲ್ಲ!

“ನಿಮ್ಮ ಫೋಟೋದು ದೊಡ್ಡ ಪ್ರಿಂಟು ಬ್ಯಾಗಲ್ಲೇ ಅದೆ ಸಾ. ಈಗ್ಲೇ ಅವ್ರ ಮುಖದ ಮೇಲೆ ಅಂಟಿಸ್ಬುಡ್ತೀನಿ,” ಎಂದು ದಿನೇಶ್ ಪ್ರಿಂಟು, ಗಮ್ ಟೇಪು ಹಿಡಿದು ಏಣಿ ಹತ್ತಿದ.

“ತಡಿಯೋ. ಅವ್ರ ಮಕದ ಮೇಲೆ ನನ್ನ ಮಕ ಮೆತ್ತಬ್ಯಾಡ. ಪಕ್ಕದಲ್ಲಾಕು.”

“ಮುಖ ಎರಡಾದ್ರೂ ಹೆಸ್ರು ಒಂದೇ ಅದೆಯಲ್ಲ ಸಾ. ಅದು ಯಾರ ಕೆಳಕ್ಕೆ?”

ದೊಡ್ಡಮಾದಯ್ಯ ಜೇಬಿನ ಪೆನ್ನನ್ನೊಮ್ಮೆ ಮುಟ್ಟಿ ನೋಡಿಕೊಂಡ.

“ಅವ್ರ ಕೆಳಗೇ ಇರ್ಲಿ ಬುಡ್ಲಾ. ತಲೆಯಿಂದ ಕಾಲ್ಗಂಟ ಎಲ್ಲಾನೂ ಬರ್ಕಂಡ ದೊರೆಗೆ ಎಸ್ರೊಂದ ಕೇಳಕೆ ಬಾಯಿ ಬರ್ಲಿಲ್ಲ. ತೊಂಬತ್ತು ವರ್ಷದಿಂದ ಅಂಗೇ ನಿಂತವ್ರೆ. ಇವತ್ತೊಂದಿನ ನಂದು ಇಟ್ಕಳ್ಳಿ.”

“ಇಷ್ಟು ದೂರ ಬಂದು ಎಸ್ರನ್ನೇ ದಾನ ಕೊಟ್ಬುಟ್ಟಲ್ಲ, ಕರ್ಣ!” ಎಂದಳು ಕೇತಮ್ಮ. ಆದರೆ ಏಣಿಯ ಬುಡವನ್ನು ಅವಳೇ ಹಿಡಿದುಕೊಂಡಳು. ಬಿಳಿ ಶರಟಿನ ದೊಡ್ಡಮಾದಯ್ಯ ಡಿಡಿಂಗ ಹಿರಿಯನ ಎಡಗಡೆಗೆ, ಅಕ್ಷರವಿಲ್ಲದ ಖಾಲಿ ಜಾಗದಲ್ಲಿ, ಸ್ವಲ್ಪ ಓರೆಯಾಗಿ ಅಂಟಿಕೊಂಡ.

ಅಷ್ಟರಲ್ಲಿ ಮುಖ್ಯ ಅತಿಥಿಯ ಜೀಪು ಬಂತು. ತಾಲ್ಲೂಕಿಗೆ ಹೊಸದಾಗಿ ಬಂದಿದ್ದ ಅಧಿಕಾರಿ ಇಳಿದು, ತಲೆಯೆತ್ತಿ ಫ್ಲೆಕ್ಸ್ ಓದಿ, ಗರಿಯ ಟೋಪಿಗೆ ಭಕ್ತಿಯಿಂದ ಕೈಮುಗಿದರು. “ಎಂಥಾ ಗತ್ತು ನೋಡಿ ದೊಡ್ಡಮಾದಯ್ಯನವರದು!” ಎಂದವರು, ಏಣಿ ಹಿಡಿದು ನಿಂತಿದ್ದ ಕೇತಮ್ಮನ ಕಡೆ ತಿರುಗಿದರು. “ಪಕ್ಕದಲ್ಲಿರೋ ಈ ಮೇಷ್ಟ್ರು ಯಾರಮ್ಮ?”

ಕೇತಮ್ಮ ಗಂಡನನ್ನೊಮ್ಮೆ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಹೇಳಿದಳು:

“ಎಸ್ರು ದಾಖಲಾಗಿಲ್ಲ ಸಾ.”